ಒಂದೇ ಸಲ ತಟ್ಟಿದ್ದ

ಮಾರ್ಚ್ ೧೪, ಗುರುವಾರ

ಅಣ್ಣನನ್ನು ಎಳೆದು ತೆಗೆದ ಕೈಗಳನ್ನು ಎಷ್ಟು ತೊಳೆದರೂ ಗ್ರೀಸಿನ ವಾಸನೆ ಹೋಗುತ್ತಿಲ್ಲ.

ಇಳಿಜಾರಿನಿಂದ ದೋಣಿಯನ್ನು ಕೆರೆಗೆ ಇಳಿಸುವಾಗ ನಮ್ಮಲ್ಲಿ ಒಂದೇ ಕಟ್ಟುನಿಟ್ಟಿನ ನಿಯಮ. ಅಡಿಯ ತೊಲೆಗಳಿಗೆ ಗ್ರೀಸ್ ಬಳಿಯುವವನು ದೋಣಿಗೆ ಒಂದು ಸಲ ತಟ್ಟಿದರೆ ಇನ್ನೂ ಒಳಗಿದ್ದಾನೆ, ಎರಡು ಸಲ ತಟ್ಟಿದರೆ ಹೊರಗೆ ಬಂದ. ಆಮೇಲೆಯೇ ನಾನು ದೋಣಿಯನ್ನು ತಡೆದು ನಿಲ್ಲಿಸಿದ ಬೆಣೆಗೆ ಸುತ್ತಿಗೆ ಬೀಸಬೇಕು.

ಬೆಳಿಗ್ಗೆ ಅಣ್ಣ ಕೆಲಸಗಾರರೆಲ್ಲರ ಎದುರಿಗೇ ನನ್ನ ಕೆನ್ನೆಗೆ ಬಾರಿಸಿದ. "ಸುತ್ತಿಗೆ ಹಿಡಿಯೋಕೂ ಬರಲ್ಲ, ದಂಡಪಿಂಡ!" ಸುತ್ತಿಗೆ ಎತ್ತಿಕೊಂಡು ಬೆಣೆಯ ಬಳಿ ಹೋಗಿ ನಿಂತೆ. ಆಮೇಲೆ ಅವನು ದೋಣಿಯಡಿ ನುಸುಳಿದ. ಒಂದು ಸಲ ತಟ್ಟಿದ್ದು ಚೆನ್ನಾಗಿಯೇ ಕೇಳಿಸಿತು. ಎರಡನೆಯದಕ್ಕೆ ಕಾಯಲಿಲ್ಲ.

ಬೆಣೆ ಹಾರಿತು, ದೋಣಿ ಜಾರಿತು. ಅವನ ಎಡಗೈ ಮೂಳೆ ಪುಡಿಯಾದ ಸದ್ದು ನೀರಿನ ಸದ್ದಿಗಿಂತ ಮೊದಲು ಬಂತು. ಅಯ್ಯೋ ಎನಿಸಲಿಲ್ಲ. ಹಾಯೆನಿಸಿತು. ಇದನ್ನು ಬೇರೆ ಯಾರಿಗೆ ಹೇಳಲಿ?

ಆಸ್ಪತ್ರೆಯಲ್ಲಿ ಅಣ್ಣ ಅತ್ತಿಗೆಗೆ, "ನಾನೇ ಅವಸರದಲ್ಲಿ ಎರಡು ಸಲ ತಟ್ಟಿಬಿಟ್ಟೆ ಕಣೇ, ಇವನದೇನೂ ತಪ್ಪಿಲ್ಲ" ಎಂದ. ಅತ್ತಿಗೆ ನೀರು ತರಲು ಹೋದದ್ದೇ ತಡ, ಬಲಗೈಯಿಂದ ನನ್ನ ಕತ್ತಿನ ಪಟ್ಟಿ ಹಿಡಿದೆಳೆದ. "ಮುಂದಿನ ದೋಣಿಗೆ ಅಡಿಯಲ್ಲಿ ನೀನು ಹೋಗು. ಸುತ್ತಿಗೆ ಬೀಸೋಕೆ ನಂಗೆ ಒಂದು ಕೈ ಸಾಕು."

ಆ ದೋಣಿಯ ಹಲಗೆಗಳು ಆಗಲೇ ಶೆಡ್ಡಿಗೆ ಬಂದು ಬಿದ್ದಿವೆ.