ಮುಚ್ಚಿಟ್ಟ ತಟ್ಟೆ

ಫೆಬ್ರವರಿ ೩೦, ೨೧೯೪

ನನಗಿಂತ ನೂರೆಪ್ಪತ್ತು ವರ್ಷ ಹಿಂದೆ, ಗಂಗೊಳ್ಳಿಯ ದಂಡೆಯಲ್ಲಿ ಇನ್ನೂ ಮನೆ ಮಾಡಿಕೊಂಡಿರುವ ನಮ್ಮ ಹಿರಿಯರಿಗೆ ಮೂಕಾಂಬು ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಈ ದೇಶದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನನ್ನ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸೀತು, ಕ್ಷಮಿಸಿ. ನಿಮ್ಮ ಕಾಲದಲ್ಲಿಲ್ಲದ ವಸ್ತುಗಳಿಗೆ ನಾವೇ ಹೆಸರಿಟ್ಟುಕೊಂಡಿದ್ದೇವೆ. ಈ ಕಟ್ಟಡದಲ್ಲಿ ಕನ್ನಡ ಬಲ್ಲವರು ಇಬ್ಬರೇ, ನಾನು ಮತ್ತು ಒಂಬತ್ತು ವರ್ಷದ ಮೊಮ್ಮಗಳು ರುಕ್ಕು.

ಊರು ನೀರಿನಡಿ ಹೋದ ದಿನ ನಮ್ಮಿಬ್ಬರನ್ನು ಹಡಗು ಹತ್ತಿಸಿ, ನನ್ನ ಮಗ ಜಟ್ಟಪ್ಪ ಉಳಿದವರನ್ನು ಕರೆತರಲು ದೋಣಿ ತಿರುಗಿಸಿದ. ಊಟದ ಹೊತ್ತಿಗೆ ಬಂದುಬಿಡುತ್ತೇನೆ ಎಂದು ಮಗಳಿಗೆ ಹೇಳಿದ್ದ. ಎರಡು ವರ್ಷವಾಯಿತು.

ಇಲ್ಲಿ ನಮಗೆ ಕೊಟ್ಟಿರುವುದು ಒಂದು ಕೋಣೆ, ಎರಡು ಮಂಚ, ಗೋಡೆಯಲ್ಲೊಂದು ಪಾಲುಗಣ್ಣು. ಪಾಲುಗಣ್ಣೆಂದರೆ ನಾವು ಬಡಿಸಿದ್ದು, ಉಳಿಸಿದ್ದು ಎಲ್ಲವನ್ನೂ ನೋಡುತ್ತ ಕೂರುವ ಗಾಜಿನ ಬಿಲ್ಲೆ, ಮಹಾ ಚಾಡಿಕೋರ. ಅನ್ನವೆಂದು ಕೊಡುವುದು ಪಾಚಿಯಿಂದ ಮಾಡಿದ ಹಸಿರು ಕಾಳು. ಉಪ್ಪಿಲ್ಲ, ಹುಳಿಯಿಲ್ಲ. ಮೀನಿನ ಮಾತಂತೂ ಬಿಡಿ. ಹೊರಗೆ ಮೂರು ತಿಂಗಳು ಸೂರ್ಯನೇ ಇಲ್ಲ; ಮಕ್ಕಳು ಎದೆಗೆ ದೀಪ ಕಟ್ಟಿಕೊಂಡು ಶಾಲೆಗೆ ಹೋಗುತ್ತಾರೆ. ಮೊದಲ ದಿನ ರುಕ್ಕು ನಮ್ಮ ಅಭ್ಯಾಸದಂತೆ ಬೂಟು ಶಾಲೆಯ ಬಾಗಿಲ ಹೊರಗೇ ಬಿಟ್ಟು ಒಳಗೆ ಹೋದಳು. ಯಾರಿಗೋ ಬೇಡವಾದದ್ದು ಎಂದು ಅದನ್ನು ಎತ್ತಿ ಎಸೆದಿದ್ದರು. ಮಂಜುಗಡ್ಡೆಯ ಮೇಲೆ ಬರಿಗಾಲಲ್ಲಿ ನಡೆದು ಬಂತು ಮಗು. ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಕಡಲಿಗೆ ಹೋದವನು ಮರಳುವ ತನಕ ಅವನ ತಟ್ಟೆ ಬಡಿಸಿ ಮುಚ್ಚಿಡಬೇಕು, ಅದಕ್ಕೆ ಬೇರೆಯವರು ಕೈ ಹಾಕಿದರೆ ಅವನ ಆಸೆ ಬಿಟ್ಟ ಹಾಗೆ. ನಮ್ಮ ಮನೆಗೆ ಈ ಪದ್ಧತಿ ಹಾಕಿಕೊಟ್ಟವರು ನೀವೇ. ರುಕ್ಕು ದಿನಾ ತನ್ನ ಪಾಲಿನ ಅರ್ಧ ಅಪ್ಪನಿಗೆ ಮುಚ್ಚಿಟ್ಟಳು. ಮರುದಿನ ಹಳಸಿದ್ದನ್ನು ಚೆಲ್ಲಿದಳು, ಮತ್ತೆ ಬಡಿಸಿದಳು. ಪಾಲು ಚೆಲ್ಲುವುದು ಇಲ್ಲಿ ತಪ್ಪು; ಪಾಲುಗಣ್ಣು ವರದಿ ಕೊಟ್ಟಿತು.

ಮೊನ್ನೆ ಕಚೇರಿಯಿಂದ ಒಬ್ಬಳು ಬಂದಳು, ಮಾತು ಬಹಳ ನಯ. ಇನ್ನೊಂದು ಸಲ ಹೀಗಾದರೆ ಮಗುವನ್ನು ಹೊಂದಿಕೆಮನೆಗೆ ಒಯ್ಯುತ್ತಾರಂತೆ. ಅಲ್ಲಿ ಮಕ್ಕಳು ತಮ್ಮವರನ್ನು ಬಿಟ್ಟು ಬೆಳೆಯುತ್ತವೆ. ತಂದೆ ಸತ್ತನೆಂದು ಹೇಳಿಬಿಡಿ, ಎಲ್ಲ ಸರಿಹೋಗುತ್ತದೆ ಎಂದಳು. ಎಷ್ಟು ಸಲೀಸು ನೋಡಿ! ಅವನನ್ನು ಹೆತ್ತವಳು ನಾನು. ನನ್ನ ಬಾಯಿಂದಲೇ ಆ ಮಾತು ಬರಬೇಕಂತೆ.

ನನಗೆ ಹೇಳಲಾಗಲಿಲ್ಲ. ಅಂದು ಮಧ್ಯಾಹ್ನ ರುಕ್ಕುವಿನ ಎದುರಿಗೇ ಜಟ್ಟಪ್ಪನ ತಟ್ಟೆಯ ಮುಚ್ಚಳ ತೆಗೆದು ಉಣ್ಣತೊಡಗಿದೆ. ರುಕ್ಕು ನೋಡುತ್ತಲೇ ಇದ್ದಳು.

"ಅಪ್ಪಯ್ಯ ಬಂದ್ರೆ ಎಂತ ಉಂಬುದು, ಅಜ್ಜಿ?"

ನಾನು ಕೊನೆಯ ಕಾಳನ್ನೂ ಬಳಿದು ಉಂಡೆ. ಅವಳು ಆ ತಟ್ಟೆ ತೊಳೆದು ಕವುಚಿಟ್ಟಳು.

ಇಂದು ಅವಳ ಮಣಿಕಟ್ಟಿಗೆ ಹಸಿರು ಪಟ್ಟಿ ಕಟ್ಟಿದ್ದಾರೆ, ಹೊಂದಿಕೊಂಡ ಮಗು ಎಂದು. ಶಾಲೆಯಲ್ಲಿ ಅವರ ಭಾಷೆಯಲ್ಲೇ ಹರಟುತ್ತಾಳಂತೆ, ನಗುತ್ತಾಳಂತೆ. ಆ ಪ್ರಶ್ನೆಯ ನಂತರ ನನ್ನೊಡನೆ ಒಂದೇ ಒಂದು ಕನ್ನಡದ ಮಾತು ಆಡಿಲ್ಲ.

ಅವಳು ನನ್ನ ಹತ್ತಿರ ಉಳಿದಳು. ಅಷ್ಟೇ ನಾನು ಬೇಡಿದ್ದು. ನಿಮ್ಮಲ್ಲಿ ಕೇಳುವುದು ಇನ್ನೊಂದೇ ಇದೆ. ನಿಮ್ಮ ಮನೆಗಳಿಗಿನ್ನೂ ನೀರು ನುಗ್ಗಿಲ್ಲ, ಒಲೆ ಉರಿಯುತ್ತಿದೆ. ಇವತ್ತಿನ ಊಟಕ್ಕೆ ಒಂದು ತಟ್ಟೆ ಹೆಚ್ಚಿಗೆ ಬಡಿಸಿ, ಸ್ವಲ್ಪ ಉಪ್ಪು ಹಾಕಿ ಮುಚ್ಚಿಡಿ. ನನ್ನ ಮಗನ ಪಾಲನ್ನು ನಾನು ಉಂಡುಬಿಟ್ಟೆ.