ಅಮ್ಮನ ಚಂದ್ರಿಕೆ ಹಾಡು

ಕುರುಡುಮಲೆ, ಮುಳಬಾಗಿಲು ತಾಲ್ಲೂಕು
14-7-2025

ಪ್ರೀತಿಯ ತಂಗಿ ಸುನಂದಾ,

ಭಾವ ಮುನಿಕೃಷ್ಣಪ್ಪನವರ ಮಂಡಿನೋವು ಹೇಗಿದೆ? ಮಗು ಧನಶ್ರೀಗೆ ಕೆಮ್ಮು ಬಿಟ್ಟಿತೇ? ನೀನು ಕಾಯಿಸಿದ ನೀರನ್ನೇ ಕುಡಿ, ಚಿತ್ತೂರಿನ ಬೋರ್ ನೀರು ನಿನಗೆ ಆಗುವುದಿಲ್ಲ. ಇಲ್ಲಿ ನಿನ್ನ ಅತ್ತಿಗೆ ಗಂಗಾಲಕ್ಷ್ಮಿ, ಮೊಮ್ಮಗಳು ಚಂದನ, ನಾನು ಚೆನ್ನಾಗಿದ್ದೇವೆ. ರೇಷ್ಮೆಹುಳು ಇನ್ನೂ ಸಣ್ಣವು, ಎಳೆ ಸೊಪ್ಪು ಹಾಕುತ್ತಿದ್ದೇವೆ.

ಆದರೆ ನನಗೆ ಬಾಯೆಲ್ಲ ಕಹಿ ಕಣೇ. ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವಾಗ ಹಾಡಲೆಂದು ಅಮ್ಮ ಕಟ್ಟಿದ ಹಾಡಿತ್ತಲ್ಲ, ಅದನ್ನು ತೀರಿಹೋದ ನಮ್ಮ ತಮ್ಮನ ಮಗ ನರೇಶ ಕೀಬೋರ್ಡು ಸೇರಿಸಿ ಫೋನಿನಲ್ಲಿ ಹರಿಬಿಟ್ಟಿದ್ದಾನೆ. ಹಾಡಲಿ, ಬೇಡವೆಂದವರು ಯಾರು? ಆದರೆ ಕೊನೆಯ ಸಾಲಿನಲ್ಲಿ ‘ಶಾಮಲಿ’ ಎಂದು ಅಮ್ಮನ ಹೆಸರು ಬರುವ ಕಡೆ ಅವನ ಹೆಸರಿದೆ. ಕೇಳಿದರೆ, “ಯಾರ ಮನೆ ಚಂದ್ರಿಕೆಯೋ ಆ ಮನೆ ಹೆಂಗಸಿನ ಹೆಸರು ಹಾಕ್ತಿದ್ರಲ್ಲ ದೊಡ್ಡಪ್ಪ, ಅಜ್ಜಿನೇ ಹಾಕ್ತಿದ್ರು. ನಾನ್ ಹಾಕ್ಕೊಂಡ್ರೆ ತಪ್ಪಾ?” ಅಂದ. ಅಮ್ಮ ಹಾಕುತ್ತಿದ್ದದ್ದು ಹುಳು ಸಾಕಿದವಳಿಗೆ ಸಲ್ಲಲಿ ಎಂದು. ಇವನು ಯಾವ ಹುಳುವಿಗೆ ಸೊಪ್ಪು ಹಾಕಿದ್ದಾನೆ?

ಇದಕ್ಕಿಂತ ಹೇಸಿಗೆಯದು ಕೇಳು. ಹೋದ ಬೆಳೆಯಲ್ಲಿ ಪಕ್ಕದ ಮನೆ ಮುನಿಗಂಗಮ್ಮ ಹಾಡಿದ್ದನ್ನು ಚಂದನ ವಿಡಿಯೊ ಮಾಡಿ ಹಾಕಿದ್ದಳು. ಹಾಡು ತನ್ನದೆಂದು ನರೇಶ ದೂರು ಕೊಟ್ಟು ಅದನ್ನು ತೆಗೆಸಿದ. ಅಮ್ಮನ ಪಕ್ಕ ನಿಂತು ಹಾಡು ಕಲಿತ ಮುದುಕಿ ಆಕೆ. “ಇದೇಮಿ ನ್ಯಾಯ ಕೋದಂಡಣ್ಣ, ಇನ್ಮೇಲೆ ಬಾಯಿ ಮುಚ್ಕೊಂಡು ಹುಳ ಬಿಡಬೇಕಾ?” ಅಂದಳು.

ನರೇಶನದು ಒಂದೇ ಮಾತು: “ಅಜ್ಜಿ ಹೋಗಿ ಎಷ್ಟ್ ವರ್ಷ ಆಯ್ತು, ಹಾಡು ಇನ್ನ ಯಾರ್ದು?” ಮುಳಬಾಗಿಲಿಗೆ ಹೋಗಿ ವಕೀಲ ಉಮಾಶಂಕರರನ್ನು ಕೇಳಿದೆ. ಕಟ್ಟಿದವರು ಬದುಕಿರುವಷ್ಟು ಕಾಲವೂ, ಹೋದಮೇಲೆ ಅರವತ್ತು ವರ್ಷವೂ ಹಕ್ಕು ಉಳಿಯುತ್ತದಂತೆ. ಲೆಕ್ಕ ತೀರಿಕೊಂಡ ಮರುವರ್ಷದ ಜನವರಿಯಿಂದ. ಅಮ್ಮ ಹೋದದ್ದು 2009ರಲ್ಲಿ. ಹಾಗಾಗಿ 2069 ಮುಗಿಯುವ ತನಕ ಅದು ಅವಳ ವಾರಸುದಾರರದು, ಆಮೇಲೆ ಎಲ್ಲರದು. ತಮ್ಮನ ಪಾಲು ನರೇಶನಿಗೂ ಉಂಟು, ಆದರೆ ನಾವಿಬ್ಬರು ಒಪ್ಪದೆ ಅದು ಅವನೊಬ್ಬನದಾಗುವುದಿಲ್ಲ. ಆ ವರ್ಷಕ್ಕೆ ನಾವ್ಯಾರೂ ಇರುವುದಿಲ್ಲ ಬಿಡು. ಇರುವಷ್ಟು ದಿನವಾದರೂ ಅವಳ ಹೆಸರು ಅವಳ ಹಾಡಿನಲ್ಲಿರಲಿ.

ಭಾವನಿಗೆ ನಮಸ್ಕಾರ ಹೇಳು. ನಿನಗೂ ಧನಶ್ರೀಗೂ ನಮ್ಮ ಆಶೀರ್ವಾದ.

ನಿನ್ನ ಅಣ್ಣ,
ಕೋದಂಡರಾಮಪ್ಪ

ಮ.ವಿ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. “ಸುನಂದತ್ತೆ ಹೂಂ ಅಂದಿದ್ದಾರೆ” ಅನ್ನುತ್ತಾನೆ ನರೇಶ. ನೀನು ಹೂಂ ಅಂದದ್ದು ಹಾಡುವುದಕ್ಕೋ, ಅಮ್ಮನ ಹೆಸರು ತೆಗೆಯುವುದಕ್ಕೋ? ಹುಳು ಹಣ್ಣಾಗುವ ಮೊದಲು ಬರಿ. ಈ ಸಲ ಹಾಡುವುದಿಲ್ಲವೆಂದು ಮುನಿಗಂಗಮ್ಮ ಕೂತಿದ್ದಾಳೆ.