ಹನ್ನೆರಡಾಣೆ ಖಾತ್ರಿ

6-2-1961, ಸೋಮವಾರ. ಹೊನ್ನಾವರ

ಅಣ್ಣ ಬದುಕಿದ್ದಾನೆ, ದಿಲ್ಲಿಯಲ್ಲಿದ್ದಾನೆ. ಹೇಳಿದವನು ಕಮಲಾಕರ. ಬೇರೆ ಮೂಲದಿಂದ ದೃಢಪಟ್ಟಿಲ್ಲ.

ಹುಬ್ಬಳ್ಳಿ ಬಸ್ಸು ಇವತ್ತೂ ತಡ. ಪೇಪರಿನ ಕಟ್ಟು ಬಿಚ್ಚಿ ಭಟ್ಕಳದ ಪಾಲು ಬೇರೆ ಮಾಡುತ್ತಿದ್ದೆ. ಹೊಳೆ ದಾಟುವ ದೋಣಿ ಹೊರಡುವುದರೊಳಗೆ ಕಳಿಸಬೇಕು. ಆಗ ಬಂದ. ಸೋದರಮಾವನ ಮಗ, ದಿಲ್ಲಿಯಲ್ಲಿ ಗುಮಾಸ್ತ, ರಜೆಯ ಮೇಲೆ ಬಂದಿದ್ದಾನೆ. ನನ್ನ ಪೇಪರ್ ಏಜೆನ್ಸಿಯ ಬೆಂಚಿನ ಮೇಲೆ ಕೂತು, ಒಂದು ವಿಷಯ ಇದೆ, ಮನೆಯಲ್ಲಿ ಹೇಳಲು ಧೈರ್ಯ ಬರಲಿಲ್ಲ ಅಂದ.

ಅವನ ಕಾಲನಿಯ ಶಾಲೆಯಲ್ಲಿ ಟೆಲಿವಿಷನ್ ಪೆಟ್ಟಿಗೆ ಇಟ್ಟಿದ್ದಾರೆ. ರೇಡಿಯೋದಂತೆ ಗಾಳಿಯಲ್ಲಿ ಬರುತ್ತದೆ, ಜೊತೆಗೆ ಚಿತ್ರವೂ ಕಾಣುತ್ತದೆ. ಶುಕ್ರವಾರ ಸಂಜೆ ಕ್ಲಬ್ಬಿನವರು ಸೇರಿ ನೋಡುತ್ತಾರೆ. ಈಗ ಒಂದು ಹಿಂದಿ ನಾಟಕ ಕಂತುಕಂತಾಗಿ ಬರುತ್ತಿದೆ—‘ಏಕ್ ನಲ್, ದಸ್ ಘರ್’. ಒಂದು ನಲ್ಲಿ, ಹತ್ತು ಮನೆ. ಶಹರದ ಬಾಡಿಗೆ ಕೋಣೆಗಳು, ನೀರಿನ ಜಗಳ, ನೀರು ಬೆರೆಸಿದ ಹಾಲು, ಕಸ. ಮುಗಿದ ಮೇಲೆ ಜನ ಅದರ ಬಗ್ಗೆಯೇ ಚರ್ಚೆ ಮಾಡಬೇಕಂತೆ. ಅದರಲ್ಲಿ ಬಾಡಿಗೆ ಕೊಡಲಾಗದ ಮುದುಕನ ಪಾತ್ರ ಇದೆ. ಮಾಲೀಕ ಬೈಯುವಾಗ ಮುದುಕ ಮಾತಾಡುವುದಿಲ್ಲ. ಅಂಗಿಯ ಎಡ ತೋಳನ್ನು ನಿಧಾನ ಮಡಚುತ್ತಾನೆ, ಬಿಚ್ಚುತ್ತಾನೆ, ಮತ್ತೆ ಮಡಚುತ್ತಾನೆ.

ಅಪ್ಪಯ್ಯ ಬೈಯುವಾಗ ಕೃಷ್ಣಾನಂದಣ್ಣ ಮಾಡುತ್ತಿದ್ದದ್ದೂ ಅದೇ.

ಎಷ್ಟು ಖಾತ್ರಿ ಎಂದು ಕೇಳಿದೆ.

“ಹನ್ನೆರಡಾಣೆ ಅಂವನೇಯ.”

“ಉಳಿದ ನಾಕಾಣೆ?”

“ಅದು ಆ ಪೆಟ್ಟಿಗೆದು. ನಡುನಡು ಮಳೆ ಹೊಯ್ದಾಂಗೆ ಗೆರೆ ಬತ್ತು ಮಾರಾಯ.”

ಪಾತ್ರಧಾರಿಗಳ ಹೆಸರು ಕೊನೆಗೆ ಓದುತ್ತಾರಂತೆ. ಅಷ್ಟೊತ್ತಿಗೆ ಜನ ಎದ್ದು ಕುರ್ಚಿ ಎಳೆಯುತ್ತಾರೆ, ಕೇಳುವುದಿಲ್ಲ.

ಹನ್ನೆರಡಾಣೆ ಸುದ್ದಿಯಲ್ಲ. ದೃಢಪಡುವವರೆಗೆ ಯಾರಿಗೂ ಹೇಳಬೇಡ ಅಂದೆ. ಆತು ಅಂದ. ಭಟ್ಕಳದ ಕಟ್ಟು ದೋಣಿಗೆ ಸಿಕ್ಕಿತು.

12-2-61, ಭಾನುವಾರ

ಕಮಲಾಕರ ದಿಲ್ಲಿಗೆ ಹೊರಟ. ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಶುಕ್ರವಾರ ಸ್ನೇಹಿತನನ್ನು ಜೊತೆಗೆ ಕೂರಿಸಿಕೊಂಡು ನೋಡು, ಹೆಸರು ಬರೆದುಕೋ, ಟೆಲಿವಿಷನ್ ಕೇಂದ್ರಕ್ಕೇ ಹೋಗಿ ವಿಚಾರಿಸು ಎಂದು ಹೇಳಿ ಕಳಿಸಿದೆ. ಅತ್ತಿಗೆ ಅವನಿಗೆ ಹಪ್ಪಳ ಕಟ್ಟಿಕೊಟ್ಟಿದ್ದಳು. ಅದನ್ನು ಕೊಟ್ಟವನೂ ನಾನೇ.

ವಿಷಯ ಇಷ್ಟು. ಕೃಷ್ಣಾನಂದಣ್ಣ ಕುಮಟಾದಲ್ಲಿ ಹಿಂದಿ ಕ್ಲಾಸು ನಡೆಸುತ್ತಿದ್ದ. 1949ರ ಮಾರ್ಚಿನಲ್ಲಿ ಒಂದು ನಾಟಕ ಕಂಪನಿಯ ಹಿಂದೆ ಹೋದ. ಪತ್ರ ಇಲ್ಲ, ಸುದ್ದಿ ಇಲ್ಲ. ಮಗಳು ಮಹಾಲಕ್ಷ್ಮಿಗೆ ಆಗ ಏಳು ವರ್ಷ. ಈಗ ಕುಮಟಾದ ಮೇಷ್ಟರೊಬ್ಬರ ಜೊತೆ ಮದುವೆಯ ಮಾತಾಗಿದೆ. ಹುಡುಗನ ಅಪ್ಪ ಕೆಟ್ಟವರಲ್ಲ. ಕೇಳಿದ್ದು ಒಂದೇ: ಮದುವೆಯ ಮಂಗಳಪತ್ರದಲ್ಲಿ ಹುಡುಗಿಯ ತಂದೆಯ ಹೆಸರಿನ ಮೊದಲು ‘ಶ್ರೀ’ ಹಾಕಿಸುವುದೋ, ‘ದಿವಂಗತ’ ಹಾಕಿಸುವುದೋ? ಅದು ತೀರ್ಮಾನವಾಗಲಿ, ಆಮೇಲೆ ಮುಂದಿನದು ಎಂದರು.

ಹನ್ನೆರಡು ವರ್ಷ ಸುದ್ದಿ ಇಲ್ಲದವನಿಗೆ ಗೋಕರ್ಣದಲ್ಲಿ ವಿಧಿ ಇದೆ. ಮುತ್ತುಗದ ಎಲೆ, ದರ್ಭೆ ಸೇರಿಸಿ ಆಳಿನ ಆಕಾರ ಮಾಡಿ ಸುಡುವುದು. ಅಲ್ಲಿಂದ ಅವನು ಸತ್ತ ಲೆಕ್ಕ. ಮಾರ್ಚ್ 12ಕ್ಕೆ ದಿನ ನೋಡಿಯಾಗಿದೆ. ಅತ್ತಿಗೆ ಒಪ್ಪಲು ಒಂದು ವರ್ಷ ಹಿಡಿಯಿತು. ಮಗಳಿಗಾಗಿ ಒಪ್ಪಿದ್ದಾಳೆ.

ಬಸ್ಸು ಹೊರಟ ಮೇಲೂ ಅಲ್ಲೇ ನಿಂತಿದ್ದೆ. ಯಾಕೆಂದು ಗೊತ್ತಿಲ್ಲ.

19-2-61

ಇಡಗುಂಜಿಯಲ್ಲಿ ಯಾತ್ರಿಕರ ನೂಕುನುಗ್ಗಲು—ಪೇಪರಿಗೆ ಆರು ಸಾಲಿನ ಸುದ್ದಿ ಬರೆದು ಕಳಿಸಿದೆ.

ಬೆಳಿಗ್ಗೆ ತರಕಾರಿಯ ಗಣಪಿ ಬಂದಿದ್ದಳು. ಕಮಲಾಕರ ಕೇರಿಗೆಲ್ಲ ಟೆಲಿವಿಷನ್ನಿನ ಕಥೆ ಹೇಳಿ ಹೋಗಿದ್ದಾನೆ. ನಾಟಕದ ಕಥೆ ಮಾತ್ರ ಹೇಳಿಲ್ಲ, ಪುಣ್ಯ. ಗಣಪಿಗೆ ಒಂದು ಸಂಶಯ. ಬುಟ್ಟಿ ಇಳಿಸುವ ಮೊದಲೇ ಅತ್ತಿಗೆಯನ್ನು ಕೇಳಿದಳು.

“ಅದ್ರಲ್ಲಿದ್ದವ್ರಿಗೆ ನಾವು ಕಾಣೂದಿಲ್ವಾ ಅಮಾ?”

ಕಾಣುವುದಿಲ್ಲವಂತೆ ಎಂದಳು ಅತ್ತಿಗೆ.

“ಹಂಗಾರೆ ಎದುರಿಗೇ ಕೂತ್ಕಂಡು ಎಂತ ಬೇಕಾರೂ ಬೈಯೂಕಾತು. ನಮ್ಮನಿ ಗಂಡಸ್ರನ್ನ ಅದ್ರಲ್ಲಿ ಹಾಕೂಕೆ ಎಷ್ಟು ಕೊಡ್ಬೇಕು?”

ಅತ್ತಿಗೆ ನಕ್ಕಳು. ಹರಿವೆ ಕಟ್ಟು ಕೈಯಲ್ಲಿ ಹಿಡಿದು ಬಹಳ ಹೊತ್ತು ನಕ್ಕಳು. ನಾನು ಒಳಗೆ ಹೋದೆ.

ಮಧ್ಯಾಹ್ನ ಆಯಿ ಗೋಕರ್ಣದ ಮಾತು ತೆಗೆದಳು. ತಾನಿರುವಾಗಲೇ ಆಗಿಹೋಗಲಿ, ಕೂಸು ದಡ ಸೇರಲಿ ಅನ್ನುತ್ತಾಳೆ. ಹೆತ್ತ ಮಗನ ವಿಷಯ. ಆದರೆ ಊಟದ ಲೆಕ್ಕ ಹಾಕುವ ಹಾಗೆ ಮಾತಾಡುತ್ತಾಳೆ. ಹಾಗೆ ಮಾತಾಡದಿದ್ದರೆ ಮಾತು ಹೊರಡುವುದಿಲ್ಲವೇನೋ.

ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ನಾಳೆ ಸುಳ್ಳಾದರೆ? ಒಮ್ಮೆ ಅಚ್ಚಾದ ಸುದ್ದಿಗೆ ಮಾರನೇ ದಿನ ತಿದ್ದುಪಡಿ ಹಾಕಬಹುದು. ಅತ್ತಿಗೆಗೆ ಎಂಥ ತಿದ್ದುಪಡಿ ಕೊಡಲಿ?

24-2-61, ಶುಕ್ರವಾರ

ನಾಟಕ ನಿಂತಿದೆ. ಕಮಲಾಕರನ ಕಾರ್ಡು ಇವತ್ತಿನ ಟಪಾಲಿನಲ್ಲಿ.

ಎಂಟು ಕಂತು ಎಂದಿದ್ದರಂತೆ, ಆರಕ್ಕೇ ಮುಗಿಸಿದರು. ಕಾರಣ ತಿಳಿದಿಲ್ಲ. ಕೊನೆಯದು ಹೋದ ಶುಕ್ರವಾರ, 17ಕ್ಕೆ. ಅದರಲ್ಲಿ ಮುದುಕ ಇದ್ದ. ಕೋಣೆ ಖಾಲಿ ಮಾಡಿ ಟ್ರಂಕು ಹೊತ್ತು ಹೊರಡುತ್ತಾನೆ. ಮುಖ ಹತ್ತಿರದಿಂದ ತೋರಿಸಿದರು, ಗೆರೆ ಬರಲಿಲ್ಲ. ಹದಿನಾಲ್ಕಾಣೆ ಎಂದು ಬರೆದಿದ್ದಾನೆ. ಹೆಸರು ಈ ಸಲವೂ ಕೇಳಿಸಲಿಲ್ಲ.

ಕೇಂದ್ರಕ್ಕೂ ಹೋಗಿದ್ದ. ನಾಟಕವನ್ನು ಫಿಲ್ಮಿನಲ್ಲಿ ಹಿಡಿದಿಟ್ಟಿಲ್ಲ. ಅಲ್ಲಿ ಆಡುತ್ತಾರೆ, ಆಗಲೇ ಇಲ್ಲಿ ಕಾಣುತ್ತದೆ, ಮುಗಿದರೆ ಮುಗಿಯಿತು. ಇನ್ನೊಮ್ಮೆ ನೋಡುವ ಹಾಗಿಲ್ಲ. ಕಲಾವಿದರ ವಿಳಾಸ ಕೊಡುವ ಪದ್ಧತಿ ಇಲ್ಲ, ಪತ್ರ ಕೊಟ್ಟರೆ ಮುಟ್ಟಿಸುತ್ತೇವೆ ಎಂದರಂತೆ.

ಪತ್ರ ಬರೆಯಲು ಕೂತೆ. ದಿನಾ ಬರೆಯುವ ಕೈ, ಮುಂದೆ ಹೋಗಲಿಲ್ಲ. ಕೊನೆಗೆ ಮೂರು ಸಾಲು: ಮಹಾಲಕ್ಷ್ಮಿಗೆ ಮದುವೆ ಗೊತ್ತಾಗಿದೆ. ಮಾರ್ಚ್ 12ಕ್ಕೆ ಗೋಕರ್ಣದಲ್ಲಿ ನಿನ್ನ ವಿಧಿ. ಬದುಕಿದ್ದರೆ ತಂತಿ ಕೊಡು.

ಲಕೋಟೆಯ ಮೇಲೆ ಹೆಸರು ಬರೆಯಲಿಲ್ಲ. ‘ಬಾಡಿಗೆದಾರನ ಪಾತ್ರ ಮಾಡಿದವರಿಗೆ’ ಎಂದು ಬರೆದು, ಕಮಲಾಕರನ ಲಕೋಟೆಯೊಳಗೆ ಹಾಕಿದೆ.

7-3-61

ಪತ್ರ ಕೇಂದ್ರದಲ್ಲಿ ಕೊಟ್ಟೆ, ಅವರು ಮುಟ್ಟಿಸಿದ್ದಾರೆ—ಕಮಲಾಕರನ ತಂತಿ. ಯಾರಿಗೆ ಮುಟ್ಟಿತು, ಅವನು ಎಂತ ಹೇಳಿದ, ಏನೂ ಇಲ್ಲ.

ಪೋಸ್ಟಾಫೀಸಿಗೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗುತ್ತಿದ್ದೇನೆ. ಪೋಸ್ಟ್‌ಮಾಸ್ತರರು ದೊಡ್ಡ ಸುದ್ದಿ ಏನಾದರೂ ಬರುವುದಿದೆಯೇ ಎಂದು ಕೇಳಿದರು. ಇಲ್ಲ ಅಂದೆ.

10-3-61, ಶುಕ್ರವಾರ

ತಂತಿ ಬಂದಿಲ್ಲ.

ಅತ್ತಿಗೆಗೆ ಹೇಳಿದೆ. ಆಯಿ ದೇವಸ್ಥಾನಕ್ಕೆ ಹೋಗಿದ್ದಳು, ಮಹಾಲಕ್ಷ್ಮಿ ಪಕ್ಕದ ಮನೆಯಲ್ಲಿ. ಅತ್ತಿಗೆ ಹಿತ್ತಿಲಿನಲ್ಲಿ ಸಂಡಿಗೆ ಒಣಗಿಸುತ್ತಿದ್ದಳು. ಮೊದಲಿಂದ ಕೊನೆಯವರೆಗೆ ಕ್ರಮವಾಗಿ ಹೇಳಿದೆ. ಖಚಿತವಾದದ್ದು ಯಾವುದು, ಆಗದ್ದು ಯಾವುದು, ಬೇರೆ ಬೇರೆಯಾಗಿ. ಕಾಗೆ ಓಡಿಸುತ್ತ ಕೇಳಿದಳು. ಅಳಲಿಲ್ಲ. ಸೊರಗಿದ್ದಾರಂತೆಯೇ ಎಂದು ಕೇಳಿದಳು. ಮುದುಕನ ಪಾತ್ರ, ಬಣ್ಣ ಹಚ್ಚಿರುತ್ತಾರೆ, ಗೊತ್ತಾಗುವುದಿಲ್ಲ ಅಂದೆ. ಯಾವ ವಿಷಯಕ್ಕೆ ಬೈಸಿಕೊಂಡದ್ದು? ಬಾಡಿಗೆಗೆ ಅಂದೆ. ಎದುರು ಮಾತಾಡಲಿಲ್ಲವೇ? ಇಲ್ಲವಂತೆ. ತಲೆ ಆಡಿಸಿದಳು.

ಆಮೇಲೆ ಕೇಳಿದಳು, ಕಮಲಾಕರ ಇಲ್ಲಿಗೆ ಬಂದಾಗ ನಾಟಕ ಇನ್ನೂ ನಡೆಯುತ್ತಿತ್ತೇ ಎಂದು.

ನಡೆಯುತ್ತಿತ್ತು ಅಂದೆ. ಅವನು ವಾಪಸು ಹೋದ ಮೇಲೂ ಒಂದು ಶುಕ್ರವಾರ ಇತ್ತು.

ಸಂಡಿಗೆಯ ಚಾಪೆಯನ್ನು ಬಿಸಿಲಿಗೆ ಎಳೆದಳು.

“ಅವತ್ತೇ ಹೇಳಿದ್ರೆ ನಾನೂ ಕಮಲಾಕರನ ಸಂತಿಗೆ ದಿಲ್ಲಿಗೆ ಹೋಗ್ತಿದ್ದಿ, ತಮಾ. ಕರ್ಕಂಡು ಬರವು ಹೇಳಿ ಅಲ್ಲ. ಮಾತಾಡ್ಸವು ಹೇಳೂ ಅಲ್ಲ. ಆ ಪೆಟ್ಟಿಗೆ ಎದುರಿಗೆ ಕೂತು ಒಂದ್ಸಲ ನೋಡ್ಕ್ಯಂಡು ಬತ್ತಿದ್ದಿ. ಅವಕ್ಕೆ ನಾ ಕಾಣ್ತಿದ್ನಿಲ್ಲೆ ಅಲ್ದಾ?”

ದೃಢಪಡಲಿ ಎಂದು ಕಾದೆ ಅಂದೆ.

“ನಿಂಗೆ ಖಾತ್ರಿ ಬೇಕಾಗಿತ್ತಿಲ್ಲೆ. ಕೂಸಿನ ಮದ್ವೆ ಆಗವು ಹೇಳಿ ಇತ್ತು.” ಒಂದು ಸಂಡಿಗೆ ಮಗುಚಿ, “ನಂಗೂ ಹಾಂಗೇ ಇತ್ತು” ಅಂದಳು.

ಗೋಕರ್ಣ ಮುಂದೆ ಹಾಕೋಣ, ಇನ್ನೊಂದು ಪತ್ರ ಬರೆಯುತ್ತೇನೆ, ನಾನೇ ದಿಲ್ಲಿಗೆ ಹೋಗಿಬರುತ್ತೇನೆ ಅಂದೆ. ಬೇಡ ಅಂದಳು. ಮಗಳ ಮದುವೆ, ತನ್ನದೇ ವಿಧಿ ಎರಡನ್ನೂ ಓದಿ ತಂತಿ ಕೊಡದವರು ಇನ್ನು ಯಾವುದಕ್ಕೆ ಕೊಡುತ್ತಾರೆ? ಪತ್ರ ಮುಟ್ಟಿದ್ದೇ ಅವನಿಗಲ್ಲದಿರಬಹುದು ಎಂದೆ. ಇರಬಹುದು ಅಂದಳು. ಆಯಿಗೆ ಹೇಳಬೇಡ ಎಂದೂ ಅಂದಳು.

ಒಂದು ತಿಂಗಳು ಕಾದರೆ ಸುದ್ದಿ ಗಟ್ಟಿಯಾಗುತ್ತದೆ ಎಂದುಕೊಂಡಿದ್ದೆ. ಗಟ್ಟಿಯಾದದ್ದು ಏನೂ ಇಲ್ಲ. ನೋಡುವುದಕ್ಕಿದ್ದದ್ದು ಮಾತ್ರ ಹೋಯಿತು.

11-3-61, ಶನಿವಾರ

ತಂತಿ ಇಲ್ಲ. ಪೋಸ್ಟಾಫೀಸು ಮುಚ್ಚುವವರೆಗೂ ಕೂತಿದ್ದೆ.

ಕುಮಟಾದಿಂದ ಬೀಗರಾಗುವವರು ಹೇಳಿಕಳಿಸಿದ್ದಾರೆ. ಮಂಗಳಪತ್ರದ ಒಕ್ಕಣೆ ಸೋಮವಾರ ಪ್ರೆಸ್ಸಿಗೆ ಕೊಡುತ್ತಾರೆ. ಆಯಿ ಬೇಗ ಮಲಗಿದಳು. ಅತ್ತಿಗೆ ಸಂಜೆ ಗಣಪಿಯ ಹತ್ತಿರ ಮಲ್ಲಿಗೆ ಹೂ ತೆಗೆದುಕೊಂಡಳು. ನಾಳೆ ಹೊತ್ತಿಗೆ ಬಾಡುತ್ತದೆ ಎಂದು ಗಣಪಿ ಹೇಳಿದಳಂತೆ. ಇವತ್ತಿಗೇ ಸಾಕು ಎಂದು ಮುಡಿದುಕೊಂಡಿದ್ದಾಳೆ.

ಮುತ್ತುಗದ ಎಲೆ, ದರ್ಭೆ ಪುರೋಹಿತರೇ ತರುತ್ತಾರೆ. ನಮ್ಮದು ಎಳ್ಳು, ಅಕ್ಕಿ, ಹೊಸ ಪಂಚೆ.

ಬೆಳಿಗ್ಗೆ ಆರೂಕಾಲರ ಬಸ್ಸು. ಕುಮಟಾದಲ್ಲಿ ಬದಲಿಸಬೇಕು. ಸಮುದ್ರಸ್ನಾನ ಮುಗಿಸಿ ಒಂಬತ್ತಕ್ಕೆ ಸಂಕಲ್ಪ. ಅಣ್ಣನಿಗೆ ಗಂಡುಮಕ್ಕಳಿಲ್ಲ. ಬೆಂಕಿ ಕೊಡುವವನು ನಾನು.